ಬ್ರೆಡ್ಡೂ ಪಥ್ಯ, ಸೇಬೂ ಪಥ್ಯ

ಬ್ರೆಡ್ಡು ಚೆನ್ನಾಗಿಯೇ ಒಣಗಿತ್ತು. ಅಂಗಳದ ಬಿಸಿಲಿಗೆ ಇಟ್ಟ ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತು ಓಬಣ್ಣ ಒಂದು ತುಂಡನ್ನೆತ್ತಿ ಎರಡು ಅಂಗೈಗಳ ನಡುವೆ ತಿಕ್ಕಿದ. ಅದು ಕರಕರ ಎಂದು ಪುಡಿಯಾಗಿ ತಟ್ಟೆಗೆ ಉದುರಿತು. ಒಳಗೆ ಮಲಗಿರುವ ಅಂಜಮ್ಮನಿಗೆ ಕೇಳಿಸಿತೋ ಏನೋ ಎಂದು ಕಿವಿಗೊಟ್ಟ. ಕೇಳಿಸಿದರೆ ಕೇಳಿಸಲಿ, ಸ್ವಂತ ಮನೆಯಲ್ಲಿ ಸ್ವಂತ ಹೆಂಡತಿಗೆ ತಿಂಡಿ ಮಾಡುವುದಕ್ಕೆ ಯಾರ ಅಪ್ಪಣೆ ಬೇಕು, ಅಂದುಕೊಂಡ. ಹಾಗಂದುಕೊಂಡರೂ ಮುಂದಿನ ತುಂಡನ್ನು ಮೆಲ್ಲಗೆ ತಿಕ್ಕಿದ. ಬ್ರೆಡ್ಡೂ ಪಥ್ಯವೇ, ಸೇಬೂ ಪಥ್ಯವೇ. ಜಗಳೂರಿನಲ್ಲಿ ಮೈ ಗಟ್ಟಿಯಿರುವ ಯಾವ ಪುಣ್ಯಾತ್ಮ ಬ್ರೆಡ್ಡು ತಿಂದಾನು? ಬಸ್ ಸ್ಟ್ಯಾಂಡಿನ ಬೇಕರಿಯವನು ಬ್ರೆಡ್ಡು ಕಟ್ಟಿಕೊಡುತ್ತ, ‘ಯಾರಿಗೆ ಹುಷಾರಿಲ್ಲ?’ ಎಂದೇ ಕೇಳುತ್ತಾನೆ. ಸೇಬನ್ನಂತೂ ಆಸ್ಪತ್ರೆಯ ಮಂಚದ ಪಕ್ಕದಲ್ಲಲ್ಲದೆ ಬೇರೆಡೆ ಅವನು ಕಂಡಿರುವುದೇ ಕಡಿಮೆ. ಹಾಗಿರುವಾಗ ಎರಡು ಪಥ್ಯ ಒಂದರ ಮೇಲೊಂದು ಕೂತರೆ ಅಪಥ್ಯ ಹೇಗಾದೀತು? ಬೆಣ್ಣೆ? ಬೆಣ್ಣೆ ಒಂದಿಷ್ಟು. ಬೆಲ್ಲ? ಚೂರೇ ಚೂರು. ಬೆಳಗಿನಿಂದ ಈ ಲೆಕ್ಕಾಚಾರವನ್ನು ಅವನು ತಿರುಗಿಸಿ ಮುರುಗಿಸಿ ನೋಡಿದ್ದ. ಎಲ್ಲ ಸರಿಯಾಗಿಯೇ ಕೂಡಿಬರುತ್ತಿತ್ತು, ಎದೆಯಲ್ಲಿ ಮಾತ್ರ ಏನೋ ಕುಟುಕುತ್ತಿತ್ತು.

ಬೆಳಿಗ್ಗೆ ಗಂಜಿ ಕುಡಿಸಲು ದಿಂಬು ಎತ್ತರಿಸುವಾಗ ಅಂಜಮ್ಮ ಕೇಳಿದ್ದಳು, “ರೀ, ನಿಮ್ಮ ಬೆಟ್ಟೀನ ನಂಗೊಂದ್ಸಲ ಮಾಡ್ಕೊಡ್ರಿ.” ಹೇಳಿ ನಕ್ಕಿದ್ದಳು. ಕೆನ್ನೆಯಲ್ಲಿ ಮಾಂಸವೇ ಉಳಿಯದ ಈ ದಿನಗಳಲ್ಲಿ ಅವಳು ನಕ್ಕರೆ ನೋಡುವವರು ಬೇರೆ ಕಡೆ ಮುಖ ತಿರುಗಿಸಬೇಕಾಗುತ್ತಿತ್ತು. ಆ ಬೆಟ್ಟಿಯ ಕತೆ ಮದುವೆಯಾದ ಹೊಸತರದು. ಓಬಣ್ಣ ಕೆರೆಬಿಳಚಿ ಕಡೆ ನಾಲೆ ಕೆಲಸದ ಇಂಜಿನಿಯರರ ಬಂಗಲೆಯಲ್ಲಿ ಅಡಿಗೆಗಿದ್ದ. ಇಂಜಿನಿಯರರ ಹೆಂಡತಿ ಗೋವೆಯ ಕಡೆಯವರು, ಕನ್ನಡ ಅಷ್ಟಕ್ಕಷ್ಟೆ. ಒಣ ಬ್ರೆಡ್ಡಿನ ಪುಡಿ ಒಂದು ಪದರ, ಸೇಬಿನ ಹೋಳು ಒಂದು ಪದರ, ಮತ್ತೆ ಪುಡಿ, ಮತ್ತೆ ಹೋಳು, ನಡುನಡುವೆ ಬೆಣ್ಣೆ, ಸಕ್ಕರೆ, ಚಕ್ಕೆಪುಡಿ ಹಾಕಿ ಕೆಂಡದ ನಡುವೆ ಬೇಯಿಸುವ ಸಿಹಿಯೊಂದನ್ನು ಆಕೆ ಕೈಹಿಡಿದು ಕಲಿಸಿದ್ದರು. ಬ್ರೌನ್ ಬೆಟ್ಟಿ ಅಂತ ಅದರ ಹೆಸರು. ಅವತ್ತು ಮನೆಗೆ ಬಂದವನೇ ಓಬಣ್ಣ ಚಾಪೆ ಮೇಲೆ ಕಾಲು ಚಾಚಿ, “ಇವತ್ತು ಬೆಟ್ಟಿ ಸವಾಸದಾಗೆ ಸಾಕಾಗಿ ಹೋತು ನೋಡು,” ಅಂದ. ಅಂಜಮ್ಮ ಮುದ್ದೆ ಬಡಿಸಿದಳು, ಸಾರು ಬಡಿಸಿದಳು. ಕೊನೆಗೆ ಗೋಡೆ ಕಡೆ ಮುಖ ಮಾಡಿ, “ಯಾರ್ರೀ ಅವಳು?” ಎಂದು ಕೇಳಿದಳು. ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಅದೇ ಮನೆಯ ತಮಾಷೆಯಾಯಿತು. ತಡವಾಗಿ ಬಂದರೆ “ಬೆಟ್ಟಿ ಬಿಡ್ಲಿಲ್ಲೇನು?” ಎನ್ನುವಳು, ಅವನ ಬೆರಳು ಹಿಡಿದು ಮೂಸುವಳು, ಚಕ್ಕೆ ಬೆಣ್ಣೆಯ ವಾಸನೆಗೆ ಕಣ್ಣು ಮುಚ್ಚಿ, “ನಂಗೂ ಒಂದಿಷ್ಟು ತರ್ರಿ,” ಎನ್ನುವಳು. “ನಾಳೆ ತರ್ತೀನಿ,” ಎನ್ನುವನು. ತರಲಿಲ್ಲ. ಅಮ್ಮಾವ್ರು ಕೇಳಿದರೆ ಕೊಡುತ್ತಿದ್ದರು, ಕೊಡದೆ ಇರುವವರಲ್ಲ. ಕೇಳಬೇಕಿತ್ತಲ್ಲ! ಓಬಣ್ಣನ ಅವ್ವ ಊರಿನ ದೊಡ್ಡ ಮನೆಗಳ ಹಿತ್ತಲಲ್ಲಿ ಸೀರೆ ಸೆರಗಿನಡಿ ಪಾತ್ರೆ ಹಿಡಿದು ನಿಲ್ಲುತ್ತಿದ್ದಳು. ‘ಹಾಕ್ರವ್ವಾ’ ಎಂಬ ಆ ಸ್ವರ ಇನ್ನೂ ಅವನ ಕಿವಿಯಲ್ಲಿತ್ತು. ಇನ್ನೊಬ್ಬರ ಅಡಿಗೆಮನೆಯಿಂದ ಮುಚ್ಚಿದ ಪಾತ್ರೆ ಹಿಡಿದು ಹೊರಗೆ ಬರುವವನಲ್ಲ ನಾನು ಎಂದು ಅವನು ಶಪಥ ಮಾಡಿದ್ದ. ಹಾಗಂತ ತಾನು ತಿನ್ನಲಿಲ್ಲವೇ? ತಳಕ್ಕೆ ಹತ್ತಿದ್ದನ್ನು ನಿಂತಲ್ಲೇ ಕೆರೆದು ತಿನ್ನುತ್ತಿದ್ದ. ಮರ್ಯಾದೆ ಅವನದು, ಬಾಯಿ ಕಟ್ಟಿದ್ದು ಅವಳದು.

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಒಳಗೆ ಕರೆದು ಹೇಳಿದ್ದು ಎರಡೇ ಮಾತು. “ಮನೆಗೆ ಕರ್ಕೊಂಡು ಹೋಗ್ರಿ. ಏನು ಕೇಳ್ತಾರೋ ಅದನ್ನ ಕೊಡ್ರಿ.” ಪಾಪ, ಆ ಮನುಷ್ಯ ಒಳ್ಳೆಯವನೇ, ಹೇಳುವಾಗ ಅವನ ಭುಜದ ಮೇಲೆ ಕೈಯಿಟ್ಟಿದ್ದ. ಓಬಣ್ಣನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನ ಚಿಕ್ಕಪ್ಪ ಗಾದ್ರಪ್ಪನಿಗೂ ಹಿಂದೆ ಒಬ್ಬ ಡಾಕ್ಟರು ಇದನ್ನೇ ಹೇಳಿದ್ದ. ಮನೆಯವರು ಅತ್ತುಕೊಂಡೇ ಕೋಳಿ ಕುಯ್ದರು, ಬೇಡವೆಂದಿದ್ದ ಬೀಡಿಯನ್ನು ತಾವೇ ಹಚ್ಚಿ ಬಾಯಿಗಿಟ್ಟರು. ಚಿಕ್ಕಪ್ಪ ಬೀಡಿಯನ್ನೂ ನೋಡಿದ, ಕೊಟ್ಟವರ ಮುಖವನ್ನೂ ನೋಡಿದ. ಆಮೇಲೆ ಅವನು ಮಾತೇ ಆಡಲಿಲ್ಲ. ಕೇಳಿದ್ದು ಕೊಡಿ ಎಂದರೆ ಏನು ಅನ್ನುವುದು ಈ ಸೀಮೆಯಲ್ಲಿ ಎಮ್ಮೆ ಕಾಯುವವರಿಗೂ ಗೊತ್ತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಂಜಮ್ಮ ಅವನು ಬಾಗಿಲು ದಾಟುವ ಮೊದಲೇ, “ಏನಂದ್ರು?” ಎಂದಳು. ಅವನ ನಾಲಿಗೆಗೆ ಅದು ಎಲ್ಲಿಂದ ಬಂತೋ! “ಪಥ್ಯ ಅಂದ್ರು. ಕಟ್ಟುನಿಟ್ಟು ಪಥ್ಯ. ಉಪ್ಪು, ಖಾರ, ಹುಳಿ ಏನೂ ಕೂಡ್ದಂತೆ. ಕೇಳಿದ್ದೆಲ್ಲ ಕೊಡಾಕೆ ಹೋಗಬ್ಯಾಡ್ರಿ ಅಂತ ನಂಗೇ ಬೈದ್ರು.” ಅಂಜಮ್ಮನ ಮುಖ ಸಡಿಲವಾಯಿತು. “ಹಂಗಾದ್ರೆ ವಾಸಿ ಆಗ್ತೈತಲ್ಲ,” ಅಂದಳು. ಬಸ್ಸಿನಲ್ಲಿ ಊರಿಗೆ ಬರುವಷ್ಟು ಹೊತ್ತೂ ಅವನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು.

ಅಂದಿನಿಂದ ಓಬಣ್ಣ ಪಥ್ಯದ ಪೊಲೀಸನಾದ. ಅವಳು ಒಂದು ಹೋಳು ಮಾವಿನಕಾಯಿ ಉಪ್ಪಿನಕಾಯಿ ಕೇಳಿದಳು, ಬ್ಯಾಡ ಅಂದ. ಹುರಿದ ಶೇಂಗಾ ಕೇಳಿದಳು, “ನಿಂಗೇನು ಬುದ್ಧಿಗಿದ್ಧಿ ಐತೇನು?” ಎಂದು ಗದರಿದ. ಟೀ ಕೇಳಿದಳು, ಅದಕ್ಕೂ ಬ್ಯಾಡ. ಬ್ಯಾಡ ಅಂದ ಪ್ರತಿಸಲ ಹಿತ್ತಲಿಗೆ ಹೋಗಿ ಒಂದು ಬೀಡಿ ಸೇದಿ ಬರುತ್ತಿದ್ದ. ಆದರೆ ಆಶ್ಚರ್ಯ ನೋಡಿ, ಬೈಸಿಕೊಂಡ ಮೇಲೆ ಅಂಜಮ್ಮ ಮುಖ ಊದಿಸಿಕೊಂಡರೂ ಗಂಜಿಯನ್ನು ತಕರಾರಿಲ್ಲದೆ ಕುಡಿಯುತ್ತಿದ್ದಳು. “ಗುಣ ಆಗ್ಲಿ, ನಿಮ್ಮ ಪಥ್ಯಕ್ಕೆಲ್ಲ ಸೇಡು ತೀರಿಸ್ಕಂತೀನಿ,” ಎನ್ನುವಳು. ಮುಂದಿನ ಉಗಾದಿಗೆ ಹೊನ್ನಾಳಿಯ ಮಗಳ ಮನೆಗೆ ಹೋಗುವ ಮಾತು ಆಡುವಳು, ಹೊಳೆಯಲ್ಲಿ ಮುಳುಗು ಹಾಕಿ ಬರೋಣ ಅನ್ನುವಳು. ಒಂದು ಸುಳ್ಳು ಇಷ್ಟು ಕೆಲಸ ಮಾಡೀತೆಂದು ಅವನಿಗೆ ಗೊತ್ತಿರಲಿಲ್ಲ. ಆ ಸುಳ್ಳಿಗೆ ದಿನಾ ಒಂದೊಂದು ‘ಬ್ಯಾಡ’ ಹಾಕಬೇಕಿತ್ತು, ಅಷ್ಟೆ. ಹಾಕುವವನಿಗೆ ಸಾಕಾಗುತ್ತ ಬಂದಿತ್ತು.

“ಇದೇನಪ್ಪಾ, ಬ್ರೆಡ್ಡು ಪುಡಿ ಮಾಡ್ತಾ ಕುಂತೀಯ?” ಕಾಟಮ್ಮ ಬಾಗಿಲಿಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ಅವಳು ಅಂಜಮ್ಮನ ಅಕ್ಕ, ತಂಗಿಯ ಆರೈಕೆಗೆಂದು ಊರಿಂದ ಬೆಣ್ಣೆಯ ಗಡಿಗೆ ಹೊತ್ತು ಬಂದವಳು. ಬಂದ ದಿನದಿಂದ ಅವಳಿಗೂ ಓಬಣ್ಣನಿಗೂ ಎಣ್ಣೆ ಸೀಗೇಕಾಯಿ. ಅವಳಿಗೆ ಅವನು ಡಾಕ್ಟರು ಹೇಳಿದ್ದನ್ನು ಹೇಳಿರಲಿಲ್ಲ. ಹೇಳಿದ್ದರೆ ಅವಳ ಮುಖವೇ ತಂಗಿಗೆ ಎಲ್ಲ ಓದಿ ಹೇಳಿಬಿಡುತ್ತಿತ್ತು. ಹಾಗಾಗಿ ಅವಳ ಕಣ್ಣಿಗೆ ಅವನು ಹೆಂಡತಿಯ ಬಾಯಿ ಕಟ್ಟಿದ ಕಟುಕ. ನಿನ್ನೆ ಪಕ್ಕದ ಮನೆಯ ಬಂಗಾರಮ್ಮ ಎಲ್ಲರ ಹಾಗೆ ಒಂದು ಬ್ರೆಡ್ಡು, ಎರಡು ಸೇಬು ಹಿಡಿದು ನೋಡಲು ಬಂದಾಗ ಕಾಟಮ್ಮ ಜಗಲಿಯ ಮೇಲೆ ಕೂತು ಅವನಿಗೆ ಕೇಳಿಸಲೆಂದೇ ಹೇಳಿದ್ದಳು, “ಅವಳೇನು ಬಂಗಾರ ಕೇಳ್ತಾಳೇನ್ರೀ? ಒಂದು ಲೋಟ ಟೀ ಕೇಳಿದ್ರೆ ಹುಲಿ ಹಂಗೆ ಮೈಮ್ಯಾಲೆ ಬೀಳ್ತಾನೆ. ರೋಗಕ್ಕಿಂತ ಮುಂಚೆ ಇವನೇ ಕೊಲ್ತಾನೆ ನಮ್ಮುಡುಗೀನ.” ಬಂಗಾರಮ್ಮ “ಅಯ್ಯೋ ಶಿವನೇ” ಅಂದಳು. ಬೀದಿಗೆಲ್ಲ ಹಬ್ಬಿಸಲು ಅಷ್ಟು ಸಾಕು. ಸಂಜೆ ಬೀಡಿ ತರಲು ಹೋದರೆ ಅಂಗಡಿಯವನೂ ಚಿಲ್ಲರೆ ಎಣಿಸುತ್ತ, “ಹೆಂಗಸ್ರಿಗೂ ಆಸೆ ಇರ್ತೈತಲ್ಲ ಓಬಣ್ಣ,” ಎಂದು ಬುದ್ಧಿ ಹೇಳಿದ. ಎಲ್ಲರೂ ಸೇರಿ ಅವನ ಮೈಮೇಲೆ ಬಟ್ಟೆಯಿಲ್ಲದಂತೆ ಮಾಡಿದ್ದರು. ಕಿರುಚಿ ಹೇಳಿಬಿಡಬೇಕು ಅನ್ನಿಸಿತು, ಲೇ, ನಾನು ಅವಳಿಗೆ ದಿನಾ ತಿನ್ನಿಸುತ್ತಿರುವುದು ಏನು ಅಂತ ನಿಮಗೇನು ಗೊತ್ತು!

“ಕೇಳಿದ್ಯಾ ಇಲ್ಲೋ? ಕಿವಿ ಐತೋ?” ಕಾಟಮ್ಮ ಮತ್ತೆ ಅಂದಳು.

“ಅವಳಿಗೇ ಮಾಡ್ತಿದೀನಿ ಅಕ್ಕಾ. ಬೆಳಿಗ್ಗೆ ಕೇಳಿದ್ಲು.”

ಕಾಟಮ್ಮನ ಮುಖ ಒಮ್ಮೆಗೇ ಮೆತ್ತಗಾಯಿತು. ಬೆಣ್ಣೆ ಗಡಿಗೆಯನ್ನು ತಾನೇ ತಂದು ಅವನ ಮುಂದಿಟ್ಟಳು. “ದೇವ್ರು ಈಗಲಾದ್ರೂ ನಿಂಗೆ ಬುದ್ಧಿ ಕೊಟ್ನಲ್ಲ. ಕೈ ಹಿಡೀಬ್ಯಾಡ, ಧಾರಾಳ ಹಾಕು.” ನಾಚಿಕೆಯಾಗುವಷ್ಟು ಹಿತವಾಯಿತು ಅವನಿಗೆ. ಒಳ್ಳೆಯವನು ಅನ್ನಿಸಿಕೊಂಡು ಎಷ್ಟು ಕಾಲವಾಗಿತ್ತು! ಬೆಳಗಿನ ಲೆಕ್ಕಾಚಾರಗಳೆಲ್ಲ, ಬ್ರೆಡ್ಡೂ ಪಥ್ಯ ಸೇಬೂ ಪಥ್ಯ ಎಂಬುದೆಲ್ಲ, ಬರೀ ಈ ಒಂದು ಮಾತಿಗಾಗಿ ಹೂಡಿದ ಆಟವೋ ಏನೋ ಎಂಬ ಗುಮಾನಿ ಬಂತು. ಅದನ್ನು ಅಲ್ಲೇ ಒತ್ತಿ ಎದ್ದು ಒಳಗೆ ಹೋದ.

ಸೇಬುಗಳು ಗೂಡಿನಲ್ಲಿ ಸಾಲಾಗಿ ಕೂತು ಸುಕ್ಕಾಗಿದ್ದವು. ಬಂದವರೆಲ್ಲ ಇಟ್ಟು ಹೋದವು. ಅವಳು ಅವನ್ನು ಮುಟ್ಟಿರಲಿಲ್ಲ, ನೋಡಿದರೇ ಆಸ್ಪತ್ರೆ ವಾಸನೆ ಬರುತ್ತೆ ಅನ್ನುತ್ತಿದ್ದಳು. ಓಬಣ್ಣ ಚಾಕು ಹಿಡಿದು ಸಿಪ್ಪೆ ತೆಗೆಯತೊಡಗಿದ. ಸಿಪ್ಪೆ ಎಲ್ಲೂ ಹರಿಯದೆ ಉದ್ದಕ್ಕೆ ಇಳಿಯಿತು. ಕೈ ಮರೆತಿರಲಿಲ್ಲ. ಈಗ ಅವನು ಜಗಳೂರಿನ ಸರ್ಕಾರಿ ಅತಿಥಿಗೃಹ ಐಬಿಯಲ್ಲಿ ಮೇಟಿ, ಪ್ರವಾಸಕ್ಕೆ ಬರುವ ಸಾಹೇಬರುಗಳ ಚಾಕರಿಗೆ ಇರುವವನು. ಮೊದಲೆರಡು ವರ್ಷ ಅಡಿಗೆಯೂ ಅವನದೇ. ಅವನ ಕೈಯ ಕೋಳಿಸಾರಿಗಾಗಿಯೇ ಚಿತ್ರದುರ್ಗದಿಂದ ಬರುವವರಿದ್ದರು. ಒಂದು ಸಲ ಯಾರೋ ಆಫೀಸರರು ಎರಡನೆಯ ಸಲ ಅನ್ನ ಹಾಕಿಸಿಕೊಂಡು, ಕೈ ತಟ್ಟೆಯಲ್ಲಿರುವಾಗಲೇ, “ಚೆನ್ನಾಗಿ ಮಾಡಿದೀಯಪ್ಪ. ನೀವು ಯಾವ ಪೈಕಿ?” ಎಂದರು. ಅವನು ಹೇಳಿದ. ಅವರೇನೂ ಸಿಟ್ಟಾಗಲಿಲ್ಲ, ಒಳ್ಳೆಯ ಮಾತನ್ನೇ ಆಡಿದರು, ಕಾಲ ಬದಲಾಗಬೇಕು ಎಂದರು, ತಟ್ಟೆಯಲ್ಲಿದ್ದ ಅನ್ನ ಹಾಗೇ ಬಿಟ್ಟು ಕೈ ತೊಳೆದರು. ಆಮೇಲೆ ಬಂದವರೆಲ್ಲ ಹೋಟೆಲಿನಿಂದ ಕ್ಯಾರಿಯರು ತರಿಸತೊಡಗಿದರು. ಒಲೆ ಹಚ್ಚಬೇಡ ಎಂದು ಅವನಿಗೆ ಯಾರೂ ಹೇಳಲಿಲ್ಲ. ಈಗ ಅವನು ಬಚ್ಚಲಿಗೆ ನೀರು ತುಂಬುತ್ತಾನೆ, ಎಲೆ ಗುಡಿಸುತ್ತಾನೆ. ಮನೆಯಲ್ಲಿ ಇದನ್ನು ಹೇಳಿದ ದಿನ ಅಂಜಮ್ಮ ಅವನ ಎರಡೂ ಕೈ ಹಿಡಿದುಕೊಂಡು, “ಅವರ ಬಾಯಿಗೆ ಪುಣ್ಯ ಇಲ್ಲ ಬಿಡ್ರಿ,” ಅಂದಿದ್ದಳು. ಹಾಗಂದವಳಿಗಾದರೂ ಆ ಕೈಯಿಂದ ಏನಾದರೂ ಮಾಡಿ ಹಾಕಿದೆನೇ? ಇಲ್ಲ. ಅಡಿಗೆ ಹೆಂಗಸರ ಕೆಲಸ, ಮನೆಯಲ್ಲಿ ತಾನು ಗಂಡಸು. ಬಂಗಲೆಯಲ್ಲಿ ಅಡಿಗೆಯವನಾಗಿದ್ದ ಅಷ್ಟು ವರ್ಷವೂ ಸ್ವಂತ ಮನೆಯ ಒಲೆಯ ಮುಂದೆ ಕೂತವನಲ್ಲ. ಥೂ, ಎಂಥ ಜನ್ಮ, ಅಂದುಕೊಂಡ.

ಡಬರಿಯ ಒಳಗೆಲ್ಲ ಬೆಣ್ಣೆ ಸವರಿದ. ಬೆಣ್ಣೆಯಲ್ಲಿ ಹುರಿದ ಪುಡಿಯನ್ನು ತಳಕ್ಕೆ ಹಾಸಿ ಬೆರಳಿನಿಂದ ಒತ್ತಿದ. ಒತ್ತಿದರೆ ಕೆಳಗಿನ ಪದರ ಕೂತುಕೊಳ್ಳುತ್ತೆ, ಮೇಲಿನದನ್ನು ಒತ್ತಬಾರದು, ಸಡಿಲ ಬಿಡಬೇಕು ಎಂದು ಅಮ್ಮಾವ್ರು ಹೇಳುತ್ತಿದ್ದುದು ಬೆರಳಿಗೆ ತಾನಾಗಿ ನೆನಪಿತ್ತು. ಸೇಬಿನ ಹೋಳು ಜೋಡಿಸಿದ, ನಿಂಬೆ ಹಿಂಡಿದ, ಕುಟ್ಟಿದ ಬೆಲ್ಲ, ಚಕ್ಕೆಪುಡಿ. ಮತ್ತೆ ಬ್ರೆಡ್ಡಿನ ಪುಡಿ. ಬೆಲ್ಲ ಚೂರೇ ಚೂರು ಹಾಕುವೆನೆಂದವನು ಎರಡನೆಯ ಪದರಕ್ಕೆ ಹಿಡಿ ತುಂಬ ಹಾಕಿದ. ಬಾಣಲೆಗೆ ಮರಳು ಸುರಿದು ಅದರ ನಡುವೆ ಡಬರಿ ಹೂತು, ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕೆಂಡ ಹರಡಿದ. ಇನ್ನು ಕಾಯುವುದು. ಒಲೆಯ ಮುಂದೆ ಕೂತು ಅವನು ಒಳಗಿನ ಕೆಮ್ಮು ಕೇಳಿದ, ಮಗ್ಗುಲು ಬದಲಿಸುವಾಗಿನ ನರಳು ಕೇಳಿದ. ಈಗಲೂ ಕಾಲ ಮಿಂಚಿಲ್ಲ. ಡಬರಿ ಎತ್ತಿ ಕಾಟಮ್ಮನ ಕೈಗೆ ಕೊಟ್ಟು, ಬೀದಿಯವರಿಗೆಲ್ಲ ಹಂಚು ಅಂದರಾಯಿತು. ಒಳಗೆ ಹೋಗಿ, “ಬೆಟ್ಟಿಗಿಟ್ಟಿ ಎಂಥದೂ ಇಲ್ಲ, ಸುಮ್ಕೆ ಗಂಜಿ ಕುಡಿ,” ಎಂದು ಗದರಿದರಾಯಿತು. ಅವಳು ಮುಖ ಊದಿಸಿಕೊಂಡು ಕುಡಿಯುತ್ತಾಳೆ, ಉಗಾದಿಯ ಮಾತಾಡುತ್ತಾಳೆ. ಬಾಯಿಯಲ್ಲಿ ಆ ಮಾತನ್ನು ಹೇಳಿ ನೋಡಿದ, ಬ್ಯಾಡ. ಕೈ ಮಾತ್ರ ತಟ್ಟೆಯ ಮೇಲಿನ ಕೆಂಡವನ್ನು ಸಮ ಮಾಡುತ್ತಿತ್ತು. ಅಷ್ಟರಲ್ಲಿ ವಾಸನೆ ಎದ್ದಿತು. ಬೆಣ್ಣೆ, ಬೆಲ್ಲ, ಚಕ್ಕೆ, ಬೆಂದ ಹಣ್ಣು. ಬಂಗಲೆಯ ಅಡಿಗೆಮನೆಯ ಅದೇ ವಾಸನೆ ಈ ಗಾರೆ ಕಿತ್ತ ಮನೆಯ ಜಂತೆಯವರೆಗೂ ತುಂಬಿತು. ಓಬಣ್ಣನಿಗೆ ಕಣ್ಣಲ್ಲಿ ನೀರು ಬಂತು, ಹೆಮ್ಮೆಯಾಯಿತು. ಹೌದು, ಹೆಮ್ಮೆಯೇ. ಹೆಂಡತಿ ಸಾಯುತ್ತಿರುವ ಮನೆಯಲ್ಲಿ ತನ್ನ ಕೈಗುಣಕ್ಕೆ ತಾನೇ ಹಿಗ್ಗುತ್ತಿದ್ದ. ಕೆಂಡ ಸರಿಸಿ ತಟ್ಟೆ ತೆಗೆದರೆ ಮೇಲಿನ ಪುಡಿ ಹದವಾಗಿ ಕೆಂಪಾಗಿತ್ತು, ಅಂಚಿನಲ್ಲಿ ಬೆಲ್ಲದ ಪಾಕ ಕುದಿಯುತ್ತಿತ್ತು. ಆ ಆಫೀಸರನನ್ನು ಕರೆದು ತೋರಿಸಬೇಕೆನಿಸಿತು.

ಪಿಂಗಾಣಿ ತಟ್ಟೆಯಲ್ಲಿ ಹಾಕಿಕೊಂಡು, ಚಮಚ ಇಟ್ಟುಕೊಂಡು ಒಳಗೆ ಹೋದ. ಸಾಹೇಬರುಗಳಿಗೆ ಬಡಿಸುವಾಗಿನಂತೆ ಹೆಗಲ ಮೇಲೆ ಟವೆಲು ಇತ್ತು, ಅದನ್ನು ಯಾವಾಗ ಹಾಕಿಕೊಂಡನೋ ಅವನಿಗೇ ತಿಳಿಯದು. ಕಾಟಮ್ಮ ಆಗಷ್ಟೇ ನೀರಿಗೆ ಹೋಗಿದ್ದಳು. ಅಂಜಮ್ಮ ಗೋಡೆಗೆ ಒರಗಿ ಕೂತಿದ್ದಳು, ಬಾಗಿಲ ಕಡೆಗೇ ಕಣ್ಣು.

“ತಗಾ, ನಿನ್ನ ಸವತಿ ಬಂದವಳೆ,” ಅಂದ.

ಅವಳು ನಗಲಿಲ್ಲ. ತಟ್ಟೆಯನ್ನು ನೋಡಿದಳು, ಅವನ ಮುಖ ನೋಡಿದಳು. “ಪಥ್ಯ?” ಅಂದಳು.

“ಬ್ರೆಡ್ಡೂ ಪಥ್ಯನೇ, ಸೇಬೂ ಪಥ್ಯನೇ. ಎರಡೂ ಸೇರಿದ್ರೆ ಏನಾಗ್ತೈತೆ?” ಬೆಳಗಿನಿಂದ ತಿದ್ದಿ ತೀಡಿ ಇಟ್ಟುಕೊಂಡಿದ್ದ ಮಾತು. ಆಡುವಾಗ ಬಾಯಿಪಾಠ ಒಪ್ಪಿಸಿದಂತಿತ್ತು. “ಇವತ್ತೊಂದಿನ. ಏನಾಗಲ್ಲ, ತಿನ್ನು.”

“ಬೆಣ್ಣೆ ವಾಸ್ನೆ ಬರ್ತೈತೆ.”

“ಒಂಚೂರು ಹಾಕೀನಿ.”

ಅಂಜಮ್ಮ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಚಮಚ ಎತ್ತಲಿಲ್ಲ. ಹೊರಗೆ ಯಾರದೋ ಸೈಕಲ್ಲು ಬೆಲ್ಲು ಬಾರಿಸುತ್ತ ಹೋಯಿತು. ಅವಳು ತೀರ ಸಾಧಾರಣ ಸ್ವರದಲ್ಲಿ, ಅಕ್ಕಿ ತೀರಿದೆ ಎನ್ನುವಾಗಿನ ಸ್ವರದಲ್ಲಿ ಮಾತಾಡಿದಳು. “ನಾನು ದಿನಾ ಒಂದೊಂದು ಕೇಳ್ತಿದ್ದೆನಲ್ರೀ, ಬಾಯಿಚಪಲಕ್ಕೆ ಅಂದ್ಕಂಡಿದ್ರೇನು? ನಂಗೆ ಯಾವುದೂ ಸೇರಲ್ಲ, ಗಂಟಲಾಗೆ ಇಳಿಯಲ್ಲ. ನೀವು ಬ್ಯಾಡ ಅಂತೀರೋ ಇಲ್ವೋ ನೋಡಾಕೆ ಕೇಳ್ತಿದ್ದೆ. ಬ್ಯಾಡ ಅಂದ್ರೆ ಅವತ್ತು ನಿದ್ದೆ ಬರ್ತಿತ್ತು.”

ಓಬಣ್ಣ ಬಾಗಿ ಕೌದಿಯ ಅಂಚನ್ನು ಸರಿಮಾಡಿದ.

“ಗಾದ್ರಪ್ಪ ಮಾವನಿಗೆ ಬೀಡಿ ಕೊಟ್ಟಾಗ ನಾನೂ ಅಲ್ಲೇ ಇದ್ದೆ,” ಅಂದಳು ಅಂಜಮ್ಮ. “ಡಾಕ್ಟ್ರು ನಿಮಗೂ ಹಂಗೇ ಅಂದ್ರಾ?”

ಅವನಿಗೆ ಆ ಕ್ಷಣದಲ್ಲಿ ಎಲ್ಲ ತಿಳಿಯಿತು. ಅವಳಿಗೆ ಹಾಕುತ್ತಿದ್ದ ಔಷಧ ಆ ‘ಬ್ಯಾಡ’ ಒಂದೇ ಇತ್ತು, ಅದನ್ನು ತಾನು ಇವತ್ತು ಬೆಣ್ಣೆ ಬೆಲ್ಲಕ್ಕೆ, ಕಾಟಮ್ಮನ ಒಂದು ಒಳ್ಳೆಯ ಮಾತಿಗೆ ಬಿಟ್ಟುಕೊಟ್ಟಿದ್ದ. ಮುಂದಕ್ಕೆ ಬಾಗಿ ತಟ್ಟೆಗೆ ಕೈ ಹಾಕಿದ. “ಕೊಡಿಲ್ಲಿ. ಬ್ಯಾಡ. ಬ್ಯಾಡ ಅಂದ್ರೆ ಬ್ಯಾಡ. ಪಥ್ಯ ಕೆಡ್ತೈತೆ. ನಂದೇ ತಪ್ಪು, ಕೊಡು!” ಸ್ವರ ಏರಿತು, ಗದರಿಕೆಯಂತೆಯೇ ಇತ್ತು, ಆದರೆ ತುದಿಯಲ್ಲಿ ಒಡೆದುಹೋಯಿತು. ಅಂಜಮ್ಮ ತಟ್ಟೆಯ ಅಂಚನ್ನು ಬಿಡಲಿಲ್ಲ. ಆ ಕಡ್ಡಿಯಂಥ ಬೆರಳುಗಳಲ್ಲಿ ಅಷ್ಟು ಬಲ ಎಲ್ಲಿತ್ತೋ! ಇಬ್ಬರೂ ಕ್ಷಣ ಹೊತ್ತು ತಟ್ಟೆ ಹಿಡಿದು ಎಳೆದಾಡಿದರು. ಮೇಲಿನ ಸಡಿಲ ಪುಡಿ ಕೌದಿಯ ಮೇಲೆಲ್ಲ ಉದುರಿತು.

“ಕೊಟ್ಟ ಮ್ಯಾಲೆ ಕಿತ್ಕಬ್ಯಾಡ್ರಿ,” ಅಂದಳು.

ಅವನು ಕೈ ಬಿಟ್ಟ. ಅವಳು ಚಮಚ ತುಂಬ ತೆಗೆದು ಬಾಯಿಗಿಟ್ಟುಕೊಂಡಳು, ಬಹಳ ಹೊತ್ತು ಬಾಯಲ್ಲೇ ಆಡಿಸಿ ಕಷ್ಟಪಟ್ಟು ನುಂಗಿದಳು. ಹಣೆಯಲ್ಲಿ ಬೆವರು ಮೂಡಿತು. ಇನ್ನೊಂದು ಚಮಚ ತೆಗೆದುಕೊಂಡಳು. ಓಬಣ್ಣ ಮಂಚದ ಕಾಲಿನ ಬಳಿ ನೆಲಕ್ಕೆ ಕುಸಿದು, ಹೆಗಲ ಟವೆಲನ್ನು ಬಾಯಿಗೆ ಒತ್ತಿಕೊಂಡ.

ಕಾಟಮ್ಮ ಕೊಡ ಇಳಿಸಿ, ಒದ್ದೆ ಸೆರಗು ಹಿಂಡುತ್ತ ಒಳಗೆ ಬಂದಳು. ತಂಗಿಯ ಕೈಯಲ್ಲಿದ್ದ ಚಮಚ ನೋಡಿ ಅವಳ ಮುಖವೆಲ್ಲ ಅರಳಿತು. “ನೋಡ್ದೇನಪ್ಪಾ, ಹೆಂಗೆ ತಿಂತಾಳೆ! ಇಷ್ಟು ದಿನ ಸುಮ್ಸುಮ್ಕೆ ಉಪವಾಸ ಕೆಡವಿದ್ಯಲ್ಲ,” ಎಂದು ಓಬಣ್ಣನನ್ನು ಗದರಿ, ತಂಗಿಯ ಪಕ್ಕ ಕೂತು ಅವಳ ತಲೆ ಸವರಿದಳು. “ಚೆನ್ನಾಗೈತೇನೆ ತಂಗೀ?”

“ಹೂಂನಕ್ಕಾ,” ಅಂದಳು ಅಂಜಮ್ಮ. “ಇನ್ಮ್ಯಾಲೆ ಕೇಳಿದ್ದೆಲ್ಲ ಕೊಡ್ತಾರಂತೆ.”